ಎರಡು ಗುಡ್ಡ, ನಡುವೆ ಸೂರ್ಯ

ಎರಡು ಗುಡ್ಡ, ನಡುವೆ ಸೂರ್ಯ. ಕೆಳಗೊಂದು ನದಿ, ದಡದಲ್ಲಿ ಗುಡಿಸಲು, ಅದರ ಪಕ್ಕ ತೆಂಗಿನಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ನೀವೂ ಬಿಡಿಸಿರ್ತೀರಿ. ಬಯಲುಸೀಮೆಯಲ್ಲಿ ಹುಟ್ಟಿ ನದಿಯನ್ನೇ ನೋಡದೆ ಬೆಳೆದ ನಾನು, ಏಳನೇ ಕ್ಲಾಸಿನ ತನಕ ಇದೊಂದೇ ಚಿತ್ರ ಬಿಡಿಸಿ ಹತ್ತಕ್ಕೆ ಎಂಟು ಮಾರ್ಕ್ಸ್ ತಗೊಂಡೆ.

ಅಷ್ಟೇ ಬಂಡವಾಳ. ಆದರೂ ಬೆಂಗಳೂರಿನ ಅಂಚಿನ ಸರ್ಕಾರಿ ಶಾಲೆಯೊಂದಕ್ಕೆ ಶನಿವಾರ ಪಾಠ ಮಾಡೋಕೆ ಯಾರು ಹೋಗ್ತೀರಿ ಅಂತ ಆಫೀಸಿನಲ್ಲಿ ಮೇಲ್ ಬಂದಾಗ, ‘ಡ್ರಾಯಿಂಗ್ ನಂದು’ ಅಂತ ರಿಪ್ಲೈ ಮಾಡಿಬಿಟ್ಟೆ.

ಮೊದಲ ದಿನ ‘ನಿಮಗಿಷ್ಟ ಬಂದಿದ್ದು ಬಿಡಿಸಿ’ ಅಂದೆ. 26 ಹಾಳೆ ವಾಪಸ್ ಬಂತು. 25ರಲ್ಲಿ ಅದೇ ಗುಡ್ಡ, ಅದೇ ಸೂರ್ಯ. ಒಂದು ಮಾತ್ರ ಖಾಲಿ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಹುಡುಗ. ‘ನಂಗ ಬರಂಗಿಲ್ರಿ ಸರ’ ಅಂದ.

ಎರಡು ಮಕ್ಕಳ ತಾಯಿಯಾದ ನಮ್ಮ ಟೀಮಿನವರೊಬ್ಬರು ಕೇಳಿ ನಕ್ಕರು. ‘ಪೆನ್ಸಿಲ್ ಕೊಡಬೇಡ ಮಾರಾಯ, ಆಟ ಆಡಿಸು.’

ಮುಂದಿನ ವಾರ ಬೆಂಡೆಕಾಯಿ, ಹೊಲಿಗೆ ದಾರ, ಇಂಕು ಹೊತ್ತುಕೊಂಡು ಹೋದೆ. ಬೆಂಡೆಕಾಯಿ ಅಡ್ಡ ಕತ್ತರಿಸಿ ಬಣ್ಣಕ್ಕದ್ದಿ ಒತ್ತಿದರೆ ಹೂವು. ದಾರವನ್ನು ಇಂಕಿಗೆ ಅದ್ದಿ, ಮಡಚಿದ ಹಾಳೆಯೊಳಗಿಟ್ಟು, ಮೇಲೆ ಅಂಗೈ ಒತ್ತಿ ಎಳೆದರೆ... ಏನು ಬರುತ್ತೋ ಎಳೆದವನಿಗೂ ಗೊತ್ತಿಲ್ಲ! ‘ನವಿಲು!’ ‘ದೆವ್ವ!’ ‘ಹೆಡ್ಮೇಷ್ಟ್ರ ಮೀಸೆ!’ ಕ್ಲಾಸು ಸಂತೆಯಾಯ್ತು. ಅವತ್ತು ಒಬ್ಬರೂ ರಬ್ಬರ್ ಕೇಳಲಿಲ್ಲ. ಇಂಕಿನ ಕಲೆಯಲ್ಲಿ ಸರಿ ತಪ್ಪು ಎಲ್ಲಿಂದ ಬರಬೇಕು? ತಪ್ಪಾಗುತ್ತೆ ಅನ್ನೋ ಭಯ ಇಲ್ಲದಿದ್ದರೆ ಕೈ ತಾನಾಗೇ ಓಡುತ್ತೆ.

ನಮ್ಮ ಖಾಲಿ ಹಾಳೆಯ ಹುಡುಗನಿಗೆ ಆ ಕಲೆಯಲ್ಲಿ ಕ್ರೇನ್ ಕಾಣಿಸ್ತು. ಸ್ಕೆಚ್ ಪೆನ್ ತಗೊಂಡು ಅದರ ಪಕ್ಕ ಆರು ಮಹಡಿಯ ಬಿಲ್ಡಿಂಗ್ ಬರೆದ. ಅದಕ್ಕಿಂತ ಎತ್ತರಕ್ಕೆ ಒಬ್ಬ ಮನುಷ್ಯನನ್ನು ನಿಲ್ಲಿಸಿದ.

ನನ್ನೊಳಗಿನ ಮೇಷ್ಟ್ರು ಎದ್ದುಬಿಟ್ಟ. ‘ಮನುಷ್ಯ ಬಿಲ್ಡಿಂಗ್‌ಗಿಂತ ದೊಡ್ಡೋನಿರ್ತಾನೇನೋ?’ ಅಂತ ನಕ್ಕು, ಪೆನ್ಸಿಲ್ಲಲ್ಲಿ ಪಕ್ಕದಲ್ಲೇ ಸರಿಯಾದ ಅಳತೆಯ ಪುಟ್ಟ ಮನುಷ್ಯನನ್ನು ಬರೆದು ತೋರಿಸಿದೆ. ಅವನು ತಲೆಯಾಡಿಸಿ, ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡ.

ಅವತ್ತು ರಾತ್ರಿ ಮಕ್ಕಳ ಚಿತ್ರಗಳ ಬಗ್ಗೆ ಓದ್ತಾ ಕೂತೆ. ವಿಯೆನ್ನಾದಲ್ಲಿ ಫ್ರಾನ್ಜ್ ಚಿಜೆಕ್ 1897ರಲ್ಲೇ ಮಕ್ಕಳಿಗಾಗಿ ಕಲೆಯ ತರಗತಿ ತೆರೆದು, ನಕಲು ಮಾಡಿಸದೆ ಅವರಿಗೆ ತೋಚಿದ್ದನ್ನು ಬಿಡಿಸೋಕೆ ಬಿಟ್ಟಿದ್ದನಂತೆ. 1947ರ ತನ್ನ ಪುಸ್ತಕದಲ್ಲಿ ವಿಕ್ಟರ್ ಲೋವೆನ್‌ಫೆಲ್ಡ್ ಹೇಳೋದು, ಮಕ್ಕಳು ತಮಗೆ ಮುಖ್ಯವಾದದ್ದನ್ನು ದೊಡ್ಡದಾಗಿ ಬರೀತಾರೆ, ಅದು ತಪ್ಪಲ್ಲ ಅಂತ. ಅಷ್ಟು ದೂರ ಯಾಕೆ, ನಮ್ಮೂರ ಕೆರೆ ಏರಿಯ ವೀರಗಲ್ಲಿನಲ್ಲೂ ವೀರನೇ ಎಲ್ಲರಿಗಿಂತ ದೊಡ್ಡವನು. ಆ ಶಿಲ್ಪಿಗೆ ಅಳತೆ ಗೊತ್ತಿರಲಿಲ್ಲ ಅಂತ ನಾನು ಯಾವತ್ತೂ ಅಂದುಕೊಂಡಿರಲಿಲ್ಲ.

ಮೂರನೇ ಶನಿವಾರ ಆ ದೊಡ್ಡ ಮನುಷ್ಯ ಯಾರು ಅಂತ ಕೇಳಲೇಬೇಕು ಅಂದುಕೊಂಡು ಹೋದೆ. ನಾನು ಬಾಯಿ ಬಿಡೋಕೆ ಮುಂಚೆ ಅವನೇ ಓಡಿಬಂದು ಹಾಳೆ ಕೊಟ್ಟ. ಸ್ಕೇಲಿಟ್ಟು ಎಳೆದ ಬಾರ್ಡರ್. ಒಳಗೆ ಎರಡು ಗುಡ್ಡ, ನಡುವೆ ಸೂರ್ಯ.

‘ಈಗ ಬರಾಬರಿ ಐತೇನ್ರಿ ಸರ?’

‘ಚೆನ್ನಾಗಿದೆ ಕಣೋ’ ಅಂದೆ. ಗಂಟಲು ಕಟ್ಟಿತ್ತು. ‘ಆವತ್ತಿನ ದೊಡ್ಡ ಮನುಷ್ಯ ಯಾರೋ?’

‘ನಮ್ಮಪ್ಪ ರೀ.’

ಇಂಕು ತೆಗೆದೆ. ಇಬ್ಬರೂ ಸೇರಿ ದಾರ ಎಳೆದು ಹಾಳೆ ಬಿಚ್ಚಿದ್ವಿ. ‘ಏನು ಕಾಣ್ತಿದೆ ಹೇಳು’ ಅಂದೆ. ಅವನು ಹಾಳೆ ನೋಡಲಿಲ್ಲ, ನನ್ನ ಮುಖ ನೋಡಿದ.

ಈಗಲೂ ಪ್ರತಿ ಶನಿವಾರ ಹೋಗ್ತೀನಿ, ದಾರ ಎಳೀತೀವಿ. ನನ್ನ ಪೆನ್ಸಿಲ್ ಮಾತ್ರ ಮನೆಯಲ್ಲೇ ಇರುತ್ತೆ. ಅವನು ನನ್ನ ಮುಖ ಬಿಟ್ಟು ಹಾಳೆ ನೋಡೋ ದಿನಕ್ಕೆ ಕಾಯ್ತಿದ್ದೀನಿ.