ಬಿಜಾಪುರದಲ್ಲಿ ಉಳಿದ ಬಾಕಿ

ಸ್ಮರಣ ಸಂಪುಟಕ್ಕೆ ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರ ಪತ್ರ ಬಂದಾಗ, ಶಾಲೆಯ ದಿನಗಳನ್ನು ಕುರಿತೇ ಬರೆಯೋಣವೆಂದುಕೊಂಡಿದ್ದೆನು. ಆದರೆ ಆ ದಿನಗಳನ್ನು ನನಗಿಂತ ಸೊಗಸಾಗಿ ಬಣ್ಣಿಸಬಲ್ಲ ಸಹಪಾಠಿಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಆದ್ದರಿಂದ ಶಾಲೆಯ ಹೊಸ್ತಿಲು ದಾಟಿದೊಡನೆ ನಾನು ಹೋಗಿ ಸೇರಿದ ಊರನ್ನು, ಅಲ್ಲಿಗೆ 51 ವರ್ಷಗಳ ತರುವಾಯ ಮರಳಿ ಹೋಗಿಬಂದುದನ್ನು ಬರೆಯುತ್ತೇನೆ. ಆ ಊರು ಬಿಜಾಪುರ. 2014ರ ನವೆಂಬರ್ 1ರಿಂದ ಅದು ಅಧಿಕೃತವಾಗಿ ವಿಜಯಪುರವಾಗಿದೆ. ಕೈ ವಿಜಯಪುರವೆಂದು ಬರೆದರೂ ನನ್ನ ಬಾಯಿ ಬಿಜಾಪುರವೆಂದೇ ಅನ್ನುತ್ತದೆ, ಓದುಗರು ಮನ್ನಿಸಬೇಕು.

ನಾನು ಕೊಲ್ಹಾರದ ಸಮೀಪದ, ಕೃಷ್ಣಾ ನದಿಯ ದಂಡೆಯ ಒಂದು ಸಣ್ಣ ಹಳ್ಳಿಯವನು. ನೀರಿಗೆ ಬೆಲೆಯಿದೆ ಎಂಬುದೇ ಗೊತ್ತಿಲ್ಲದೆ ಬೆಳೆದವನು. ಮುಂದೆ ನಮ್ಮ ಮಠದ ಶಾಲೆಗೆ ಬಂದಾಗ ಅನ್ನಕ್ಕೂ ಬೆಲೆಯಿದೆ ಎಂಬುದು ತಿಳಿಯದಂತೆ ಗುರುಗಳು ನಮ್ಮನ್ನು ಸಾಕಿದರು. ಹೀಗಾಗಿ 1971ರಲ್ಲಿ ಕಾಲೇಜು ಸೇರಲೆಂದು ಬಿಜಾಪುರಕ್ಕೆ ಹೋದಾಗ ಕೊಟ್ಟು ಕೊಳ್ಳುವ ಲೋಕವ್ಯವಹಾರಕ್ಕೆ ನಾನು ಹೊಸಬನಾಗಿದ್ದೆನು. ತಾಜ್ ಬಾವಡಿಯ ಹಿಂದಿನ ಓಣಿಯಲ್ಲಿ, ಒಬ್ಬ ಮುಸಲ್ಮಾನ ವೃದ್ಧೆಯ ಮನೆಯ ಹಿತ್ತಿಲಿನ ಕೋಣೆ ತಿಂಗಳಿಗೆ 8 ರೂಪಾಯಿ ಬಾಡಿಗೆಗೆ ಸಿಕ್ಕಿತು. ಓಣಿಯವರೆಲ್ಲ ಆಕೆಯನ್ನು ಬಡೀಮಾ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ.

ಮರುವರ್ಷ ಬಂದದ್ದು 1972ರ ಬರ. ಆ ಬರವನ್ನು ಕಂಡವರಿಗೆ ಹೇಳಬೇಕಾದುದಿಲ್ಲ, ಕಾಣದವರಿಗೆ ಹೇಳಿ ತಿಳಿಸುವುದು ಕಷ್ಟ. ಬಿಳಿಜೋಳದ ಸೀಮೆಯಲ್ಲಿ ಜೋಳವಿಲ್ಲದಾಯಿತು. ಹೊಲವಿದ್ದವರೂ ಬರಗಾಲದ ಕಾಮಗಾರಿಗೆ ಹೋಗಿ ಜಲ್ಲಿ ಒಡೆದರು. ಓಣಿಯ ನಲ್ಲಿ ಬತ್ತಿತು. ತಾಜ್ ಬಾವಡಿಯಲ್ಲಿ ನೀರು ಮೆಟ್ಟಿಲುಗಳಿಂದ ಮೆಟ್ಟಿಲಿಗೆ ಕೆಳಗಿಳಿಯುತ್ತ ಹೋದಂತೆ ಹೆಂಗಸರ ಹಗ್ಗಗಳು ಉದ್ದವಾಗುತ್ತ ಹೋದವು. ಬಡೀಮಾ ಬೆಳಗಿನ ಜಾವ ಎದ್ದು ಎರಡು ಕೊಡ ತರುತ್ತಿದ್ದರು. ಅದರಲ್ಲಿ ಒಂದನ್ನು, ತಾಟು ಮುಚ್ಚಿ, ನನ್ನ ಬಾಗಿಲಿನ ಮುಂದೆ ಇಟ್ಟು ಹೋಗುತ್ತಿದ್ದರು. ಆಕೆಗೆ ಆಗ ಅರವತ್ತು ದಾಟಿತ್ತು, ನನಗೆ ಹದಿನೇಳು. ನಾನೇ ಹೋಗಿ ತರಬಹುದಾಗಿತ್ತು ಎಂಬ ವಿಚಾರ ನನಗೆ ಬಂದದ್ದು ಬಹಳ ದಿನಗಳ ಮೇಲೆ. ಬಂದಾಗಲೂ ಪರೀಕ್ಷೆಯ ನೆವವಿತ್ತು.

ಒಂದು ದಿನ ನಾನು ಆ ಕೊಡದ ಅರ್ಧ ನೀರಿನಲ್ಲಿ ಧೋತರ ಒಗೆದು ಹಾಕಿದೆ. ಬಡೀಮಾ ಹಿತ್ತಿಲಿಗೆ ಬಂದು ಒದ್ದೆ ನೆಲವನ್ನು ನೋಡಿದರು. ಬೈಯಲಿಲ್ಲ. "ತಮ್ಮಾ, ನಿಮ್ಮ ಊರಾಗ ಹೊಳಿ ಅದ. ನಮ್ಮ ಊರಾಗ ಅಲ್ಲಾ ಒಬ್ಬನ ಅದಾನ" ಎಂದು ಹೇಳಿ ಒಳಗೆ ಹೋದರು. ಮರುದಿನವೂ ಕೊಡ ಬಾಗಿಲಲ್ಲಿತ್ತು.

1973ರ ಬೇಸಿಗೆಯಲ್ಲಿ ಪರೀಕ್ಷೆ ಮುಗಿಯಿತು. ತಂದೆಯವರಿಂದ ಮೂರು ತಿಂಗಳು ಹಣ ಬಂದಿರಲಿಲ್ಲ; ಬರುವ ಹಾಗೂ ಇರಲಿಲ್ಲ. 24 ರೂಪಾಯಿ ಬಾಕಿ. ಮುಖ ತೋರಿಸಿ ಹೇಳುವ ಧೈರ್ಯವಾಗದೆ, ಬಡೀಮಾ ನೀರಿಗೆ ಹೋದ ಹೊತ್ತನ್ನು ನೋಡಿ, ಟ್ರಂಕು ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದೆ. ಆಮೇಲೆ ಗಣಿತದ ಅಧ್ಯಾಪಕನಾದೆ, ಧಾರವಾಡದಲ್ಲಿ ಮನೆ ಕಟ್ಟಿದೆ. 1986ರಲ್ಲಿ ಪ್ರವಾಸಕ್ಕೆಂದು ಮಕ್ಕಳನ್ನು ಕರೆದುಕೊಂಡು ಬಿಜಾಪುರಕ್ಕೆ ಹೋಗಿಯೂ ಬಂದೆ. ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು, ಕಂಬಗಳಿಲ್ಲದ ಆ ಗುಮ್ಮಟವನ್ನು ಒಂದನ್ನೊಂದು ಕತ್ತರಿಸುವ ಕಮಾನುಗಳು ಹೇಗೆ ಹೊರುತ್ತವೆ ಎಂಬುದನ್ನು ಅರ್ಧ ಗಂಟೆ ವಿವರಿಸಿದೆ. ಅಲ್ಲಿಂದ ತಾಜ್ ಬಾವಡಿಗೆ ಟಾಂಗಾದಲ್ಲಿ ಎಷ್ಟು ಹೊತ್ತು? ಆದರೂ ಹೋಗಲಿಲ್ಲ.

2024ರ ಜನವರಿಯಲ್ಲಿ ಹೋದೆ. ಹೊರಡುವ ಹಿಂದಿನ ರಾತ್ರಿ ಲೆಕ್ಕ ಹಾಕಿದ್ದೆ: 24 ರೂಪಾಯಿಗೆ ಶೇಕಡಾ 8ರ ಚಕ್ರಬಡ್ಡಿಯಂತೆ 51 ವರ್ಷಕ್ಕೆ 1,215 ರೂಪಾಯಿ 69 ಪೈಸೆ. ಆ ಮೊತ್ತವನ್ನು ತುಂಬಿಸಿ, ಮೇಲಷ್ಟು ಸೇರಿಸಿ ಲಕೋಟೆಯಲ್ಲಿ ಇಟ್ಟುಕೊಂಡೆ. ಎರಡು ಕೊಡಗಳಲ್ಲಿ ಒಂದನ್ನು ಕೊಟ್ಟುದಕ್ಕೆ ಬಡ್ಡಿ ಹಾಕುವ ಸೂತ್ರ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ.

ಬಸ್ಸು ಕೊರ್ತಿ–ಕೊಲ್ಹಾರದ ನಡುವಿನ ಸೇತುವೆಯನ್ನು ಏರಿತು. ಸುಮಾರು 3 ಕಿಲೋಮೀಟರ್ ಉದ್ದದ ಸೇತುವೆ. ಎರಡೂ ಕಡೆ ಕಣ್ಣಿಗೆ ದಂಡೆ ಹತ್ತದಷ್ಟು ನೀರು. ಇದು ಆಲಮಟ್ಟಿ ಜಲಾಶಯದ ಹಿನ್ನೀರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಅಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡಿತು. ಹಳೆಯ ಕೊಲ್ಹಾರ ಮುಳುಗಿತು. ಬಾಗಲಕೋಟೆಯ ಒಂದು ಭಾಗ ಮುಳುಗಿತು. ನಮ್ಮ ಹಳ್ಳಿಯೂ ಮುಳುಗಿತು. ನನ್ನ ತಾಯಿ ಪುನರ್ವಸತಿ ಕೇಂದ್ರಕ್ಕೆ ಹೋಗುವಾಗ ಬೀಸುವ ಕಲ್ಲನ್ನು ಬಂಡಿಯಲ್ಲಿ ಹಾಕಿಸಿಕೊಂಡಳು. ಹೊಸ ಮನೆಯಲ್ಲಿ ಅದರಲ್ಲಿ ಒಂದು ದಿನವೂ ಬೀಸಲಿಲ್ಲ. ಸೇತುವೆಯ ಮೇಲೆ ಹೋಗುವಾಗಲೆಲ್ಲ ನಮ್ಮ ಮನೆ ಎತ್ತ ಕಡೆ ಇತ್ತೆಂದು ಗುರುತಿಸಲು ನೋಡುತ್ತೇನೆ. ಗುರುತಿಗೆ ಒಂದು ಮರವಾದರೂ ಬೇಕಲ್ಲ!

ಮೊದಲು ಹೋದದ್ದು ಇಬ್ರಾಹಿಂ ರೋಜಾಕ್ಕೆ. ಎರಡನೆಯ ಇಬ್ರಾಹಿಂ ಆದಿಲ್‌ಶಹನ ಆ ಸಮಾಧಿ ನನ್ನ ಕಣ್ಣಿಗೆ ಗೋಳಗುಮ್ಮಟಕ್ಕಿಂತ ಚೆಲುವಾದುದು. ಈ ವಿಷಯದಲ್ಲಿ ಬಿಜಾಪುರದ ಮಿತ್ರರೊಡನೆ ಇಂದಿಗೂ ನನ್ನ ವಾದವಿದೆ. ಸ್ಮಾರಕಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇನೂ ಇಲ್ಲ: ಸುತ್ತಲೂ ಹುಲ್ಲು, ಬೇಲಿ, ಚೀಟಿ ಕೊಡುವ ಕಿಟಕಿ ಬಂದಿವೆ. ಮಲಿಕ್-ಎ-ಮೈದಾನ ತೋಪು ಬುರುಜಿನ ಮೇಲೆ ಮೊದಲಿನಂತೆಯೇ ಬಾಯಿ ತೆರೆದುಕೊಂಡು ಮಲಗಿದೆ. ಟಾಂಗಾಗಳು ಬೆರಳೆಣಿಕೆಗೆ ಇಳಿದಿವೆ. ನಾವು ಕಾಲೇಜಿನ ಕಿಟಕಿಯಿಂದ ಕೇಳುತ್ತಿದ್ದ ಮೀಟರ್ ಗೇಜ್ ರೈಲಿನ ಕೂಗು ನಿಂತು ವರ್ಷಗಳೇ ಆದವು.

ಆದರೆ ಈ ಸಲ ನನ್ನ ಕಣ್ಣು ಹಿಂದೆ ನೋಡದೆ ಬಿಟ್ಟುದರ ಮೇಲೆಯೇ ಹೋಗುತ್ತಿತ್ತು. ರಸ್ತೆಗಳ ಮಗ್ಗುಲಲ್ಲಿ ಅಲ್ಲಲ್ಲಿ ಕಲ್ಲಿನ ಚೌಕ ಗೋಪುರಗಳು ನಿಂತಿವೆ. ಹುಡುಗರಾಗಿದ್ದಾಗ ಹಾಳು ಬುರುಜುಗಳೆಂದು ತಿಳಿದಿದ್ದೆವು. ಅವು ಗಂಜುಗಳು: ಆದಿಲ್‌ಶಾಹಿ ಕಾಲದ ನೀರಿನ ಗೋಪುರಗಳು. ಪಶ್ಚಿಮದ ತೊರವಿಯಿಂದ ನೆಲದಡಿಯ ಸುರಂಗದಲ್ಲಿಯೂ, ದಕ್ಷಿಣದ ಬೇಗಂ ತಲಾಬದಿಂದ ಮಣ್ಣಿನ ಕೊಳವೆಗಳಲ್ಲಿಯೂ ನೀರು ಊರಿಗೆ ಹರಿದು ಬರುತ್ತಿತ್ತು. ನೀರಿನ ಒತ್ತಡವನ್ನು ತಗ್ಗಿಸಿ, ಕೆಸರು ತಳಕ್ಕೆ ಕೂರುವಂತೆ ಮಾಡುವುದು ಈ ಗೋಪುರಗಳ ಕೆಲಸ. 1686ರಲ್ಲಿ ಔರಂಗಜೇಬನ ಕೈಗೆ ಊರು ಹೋದ ಮೇಲೆ ಗುಮ್ಮಟಗಳು ಉಳಿದವು, ಕೊಳವೆಗಳನ್ನು ನೋಡಿಕೊಳ್ಳುವ ಕೈಗಳು ಉಳಿಯಲಿಲ್ಲ. ಈಗ ಕೃಷ್ಣೆಯ ನೀರನ್ನೇ ಕೊಲ್ಹಾರದಿಂದ ಎತ್ತಿ ನಗರಕ್ಕೆ ತರುತ್ತಾರೆ. ಜಿಲ್ಲೆಯ ಕೆರೆಗಳನ್ನೂ ಏತ ನೀರಾವರಿಯ ಕಾಲುವೆಗಳಿಂದ ತುಂಬಿಸುತ್ತಿದ್ದಾರೆ. ಬರದ ಸೀಮೆಯೆಂದು ಹೆಸರಾದಲ್ಲಿ ದ್ರಾಕ್ಷಿಯ ಚಪ್ಪರಗಳು ಎದ್ದಿವೆ. ಹಳೆಯ ದಿನಗಳೇ ಚೆನ್ನಾಗಿದ್ದುವೆಂದು ಹೇಳುವ ಮುದುಕರ ಸಾಲಿಗೆ ನಾನು ಸೇರಲಾರೆ. ಬಡೀಮಾ ಬಾವಿಯಿಂದ ಮೇಲೆ ಬರುವಾಗ ಸೊಂಟ ಹಿಡಿದುಕೊಂಡು ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ತಾಜ್ ಬಾವಡಿಯ ಹೆಬ್ಬಾಗಿಲಿನ ದೊಡ್ಡ ಕಮಾನು 1620ರಿಂದ ನಿಂತಿರುವುದು. ರಾಣಿ ತಾಜ್ ಸುಲ್ತಾನಾಳ ಹೆಸರಿನ ಬಾವಿ. ನಡುವಿನ ವರ್ಷಗಳಲ್ಲಿ ಕಸ, ಹೂಳು ತುಂಬಿ ನಾರುತ್ತಿದ್ದ ಅದನ್ನು ಕಳೆದ ದಶಕದಲ್ಲಿ ಶುಚಿಗೊಳಿಸಿದ್ದಾರೆ. ಕಮಾನಿನ ಕೆಳಗೆ ನಿಂತು ನೋಡಿದೆ. ನೀರು ಹಸಿರಾಗಿ, ತುಂಬಿ ನಿಂತಿತ್ತು. ಹಗ್ಗ ಹಿಡಿದವರು ಯಾರೂ ಇರಲಿಲ್ಲ.

ಹಿಂದಿನ ಓಣಿಯಲ್ಲಿ ಬಡೀಮಾರ ಮನೆ ಇರಲಿಲ್ಲ. ಅದೇ ಜಾಗವೆಂದು ನಾನು ನಂಬಿದಲ್ಲಿ ಮೂರಂತಸ್ತಿನ ಕಟ್ಟಡ. ಕೆಳಗೆ ಮೋಟರ್ ಸೈಕಲ್ಲುಗಳ ಬಿಡಿಭಾಗದ ಅಂಗಡಿ. ಎದುರಿಗೆ ಹುಡುಗನೊಬ್ಬ ರಬ್ಬರ್ ಕೊಳವೆ ಹಿಡಿದು ಗಾಡಿ ತೊಳೆಯುತ್ತಿದ್ದ. ನೀರು ಗಟಾರದವರೆಗೆ ಹರಿದು ಹೋಗುತ್ತಿತ್ತು. ನಿಮ್ಮ ಊರಿಗೆ ಹೊಳೆ ಎಲ್ಲಿಂದ ಬಂತಪ್ಪಾ ಎಂದು ಕೇಳಬೇಕೆನ್ನಿಸಿತು. ಎಲ್ಲಿಂದ ಬಂತೆಂಬುದು ನನಗೇ ಗೊತ್ತಿತ್ತು. ಸುಮ್ಮನಾದೆ.

ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ವಯಸ್ಸಿನ ಹಿರಿಯರೊಬ್ಬರಿಗೆ ಬಡೀಮಾರ ನೆನಪಿತ್ತು. ತೀರಿಕೊಂಡು ಬಹಳ ವರ್ಷಗಳಾದುವೆಂದರು. ಮಗಳ ಸಂಸಾರ ಮನೆಯನ್ನು ಮಾರಿ ಸೊಲ್ಲಾಪುರಕ್ಕೆ ಹೋಯಿತು. ಅಲ್ಲಿಂದ ಎಲ್ಲಿಗೋ ತಿಳಿಯದು. "ನೀವು ಯಾರ್ರಿ?" ಎಂದು ಕೇಳಿದರು. ಹಿತ್ತಿಲ ಕೋಣೆಯಲ್ಲಿ ಓದುತ್ತಿದ್ದ ಹುಡುಗನೆಂದೆ. "ಭಾಳ ಮಂದಿ ಹುಡುಗರು ಇದ್ದು ಹೋದರು ನೋಡ್ರಿ ಆ ಖೋಲ್ಯಾಗ" ಎಂದರು. ಆ ಭಾಳ ಮಂದಿಯಲ್ಲಿ ನಾನೂ ಒಬ್ಬ. ಆಕೆ ನನ್ನ ವಿಷಯವಾಗಿ ಏನಾದರೂ ಹೇಳಿದ್ದರೆ ಎಂದು ಕೇಳುವ ಆಸೆ ನಾಲಗೆಯ ತುದಿಗೆ ಬಂದು ನಿಂತಿತು. ಕೇಳಲಿಲ್ಲ.

ಬಿಸಿಲಿಗೆ ಬಾಯಿ ಒಣಗಿತ್ತು. ಅಂಗಡಿಯ ಯುವಕ ಕುರ್ಚಿ ಹಾಕಿ, ಅಂಗಡಿಯ ಮೂಲೆಯ ನೀಲಿ ಕ್ಯಾನಿನಿಂದ ಗ್ಲಾಸು ತುಂಬಿಸಿ ಕೊಟ್ಟ. ಬೇಡವೆಂದು ಹೊರಗಿನ ನಲ್ಲಿಯನ್ನು ತೋರಿಸಿದೆ. ಅವನು ಗಾಬರಿಯಾಗಿ, "ಅದು ಬ್ಯಾಡ್ರಿ ಅಜ್ಜಾರ, ಹೊಳಿ ನೀರು. ಯಾರೂ ಕುಡಿಯಂಗಿಲ್ಲ" ಎಂದ. ಆದರೂ ಹೋಗಿ ನಲ್ಲಿಗೆ ಕೈಯೊಡ್ಡಿ ಎರಡು ಬೊಗಸೆ ಕುಡಿದೆ. ಬ್ಲೀಚಿಂಗ್ ಪುಡಿಯ ವಾಸನೆಯಿತ್ತು. ನಮ್ಮ ಹೊಳೆಯ ರುಚಿಯೇನೂ ಗೊತ್ತಾಗಲಿಲ್ಲ.

ಸಂಜೆಯ ಬಸ್ಸಿಗೆ ಹೊರಟೆ. ಕೊಲ್ಹಾರ ದಾಟಿ ಸೇತುವೆ ಏರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಕಂಡಕ್ಟರನಿಗೆ ಚಿಲ್ಲರೆ ಕೊಡಬೇಕೆಂದು ಕಿಸೆಗೆ ಕೈಹಾಕಿದಾಗ ಲಕೋಟೆ ಹೊರಗೆ ಬಂತು. ಅದನ್ನು ಒಳಗಿಟ್ಟು, ಬೇರೆ ಕಿಸೆಯಿಂದ ಹಣ ತೆಗೆದು ಕೊಟ್ಟೆ.