ಲೇಹದ ದಾರಿಯ ಲೆಕ್ಕ

ಆಷಾಢದಲ್ಲಿ ಪ್ರಯಾಣವೇ ಎಂದು ಹಿರಿಯರು ಗೊಣಗಿದರು. ಆದರೆ ಆ ಹಿಮದ ಕಣಿವೆಗಳು ತೆರೆದಿರುವ ತಿಂಗಳುಗಳೇ ಕೆಲವು. ಹಾಗಾಗಿ 2019ರ ಜುಲೈಯಲ್ಲಿ ನಾವು ದಂಪತಿಗಳು ಮೋಟಾರು ಸೈಕಲ್ಲನ್ನೇರಿ ಮನಾಲಿಯಿಂದ ಲೇಹಕ್ಕೆ ಹೊರಟೆವು. ಮುಂದೆ ಜಾಲ ಸಿಕ್ಕದೆಂದರಿತು ಮೊಬೈಲಿನ ಭೂಪಟವನ್ನು ಮೊದಲೇ ಇಳಿಸಿಕೊಂಡಿದ್ದೆವು. ಅದು ದೂರವನ್ನೇನೋ ಸರಿಯಾಗಿಯೇ ಹೇಳಿತು. ಹಿಮ ಕರಗಿದ ನೀರು ಮಧ್ಯಾಹ್ನದ ಮೇಲೆ ಉಕ್ಕಿ ರಸ್ತೆಯ ಮೇಲೆಯೇ ಹರಿಯುವುದೆಂದೂ ಹಳ್ಳಗಳನ್ನು ಬೆಳಿಗ್ಗೆಯೇ ದಾಟತಕ್ಕದ್ದೆಂದೂ ತಿಳಿಸಿದವನು ಮಾತ್ರ ಕೇಲಾಂಗಿನ ಚಹದಂಗಡಿಯವನು.

ಪೆಟ್ರೋಲಿನ ಲೆಕ್ಕವನ್ನು ಮನೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿಯೇ ಬರೆದಿದ್ದೆವು. ತಾಂಡಿಯ ಬಂಕಿನ ಫಲಕದಲ್ಲಿ ಮುಂದಿನ ಬಂಕು 365 ಕಿಲೋಮೀಟರು ಎಂದಿತ್ತು. ನಮ್ಮ ಟ್ಯಾಂಕಿಗೆ ಹಿಡಿಯುವುದು 13 ಲೀಟರು. ಏರುದಾರಿಯಲ್ಲಿ ಲೀಟರಿಗೆ 25 ಎಂದು ಹಿಡಿದರೆ 325. ನಲವತ್ತು ಕಿಲೋಮೀಟರು ಕಡಮೆ. ಆದುದರಿಂದ 5 ಲೀಟರಿನ ಡಬ್ಬವೊಂದನ್ನು ಹಿಂದೆ ಕಟ್ಟಿದೆವು. ಬಾರಾಲಾಚಾ ದಾಟಿ, ಗಾಟಾದ ಇಪ್ಪತ್ತೊಂದು ತಿರುವುಗಳನ್ನು ಏರಿ, ಪಾಂಗ್ ಕಳೆದು ಮೋರೆ ಬಯಲಿಗೆ ಬಂದಾಗ ಒಬ್ಬ ತರುಣನು ಗಾಡಿಯನ್ನು ತಳ್ಳುತ್ತಿದ್ದನು. ಡಬ್ಬ ತಂದಿರಲಿಲ್ಲ, ಮೊಬೈಲನ್ನೇ ನಂಬಿದ್ದನಂತೆ. ಕೊಟ್ಟರೆ ನಮಗುಳಿಯುವುದೆಷ್ಟು? ಪುಸ್ತಕ ತೆರೆದು ಕೂಡಿಸಿ ಕಳೆದು, ಎರಡು ಲೀಟರು ಸುರಿದೆವು. ಮುಂದೆ 5,300 ಮೀಟರಿಗೂ ಎತ್ತರದ ತಾಂಗ್ಲಾಂಗ್ ಲಾ ಏರುವಾಗ ಮನೆಯಾಕೆಯ ಕಣ್ಣೆಲ್ಲ ಮುಳ್ಳಿನ ಮೇಲೆಯೇ.

ಲೇಹಕ್ಕೆ ಮೊದಲೇ, ಫಲಕದ ಲೆಕ್ಕಕ್ಕೆ ಸೇರದ ಬಂಕೊಂದು ಕಾರು ಎಂಬ ಊರಿನಲ್ಲಿ ಸಿಕ್ಕಿತು. ಆ ತರುಣನು ಅಲ್ಲಿ ನಮಗಾಗಿ ಎರಡು ಲೀಟರಿಗೆ ಹಣ ತೆತ್ತು ಮುಂದೆ ಹೋಗಿದ್ದನು.