ಕಾರಣಗಳ ಲೆಕ್ಕದಲ್ಲಿ ಮನುಷ್ಯನ ಪಾಲು

ಕಾರಣವಿಲ್ಲದೆ ಕಾರ್ಯವಿಲ್ಲ ಎಂಬುದನ್ನು ಒಪ್ಪದವರು ವಿರಳ. ಆದರೆ ಕಾರ್ಯವು ಅನಿಷ್ಟವಾದಾಗ ಅದರ ಕಾರಣವನ್ನು ತನ್ನಿಂದ ಆದಷ್ಟು ದೂರದಲ್ಲಿ ಹುಡುಕುವುದು ಮನುಷ್ಯನ ಹಳೆಯ ರೂಢಿ. ಲಾಭ ಬಂದರೆ ಅದು ತನ್ನ ಜಾಣ್ಮೆಯ ಫಲ, ನಷ್ಟವಾದರೆ ಕಾಲದ ದೋಷ. ಭೂಮಿಯ ತಾಪ ಏರುತ್ತಿರುವುದು ಪ್ರಕೃತಿಯ ಸಹಜ ಚಕ್ರದಿಂದಲೋ, ಮನುಷ್ಯನ ಕೃತ್ಯದಿಂದಲೋ ಎಂಬ ಚರ್ಚೆಯಲ್ಲಿಯೂ ಈ ರೂಢಿಯ ನೆರಳು ಬಿದ್ದಿದೆ. ನರಗುಂದದ ಒಂದು ಮನೆಯಲ್ಲಿ ನಡೆದ ಸಣ್ಣ ಪ್ರಸಂಗವು ಈ ದೊಡ್ಡ ಪ್ರಶ್ನೆಯನ್ನು ಅರಿಯಲು ನೆರವಾದೀತು.

ನರಗುಂದ ಎರೆಮಣ್ಣಿನ ನಾಡು. ಜೋಳ, ಕಡಲೆ, ಗೋದಿ, ಹೆಸರು, ಹತ್ತಿ ಇಲ್ಲಿಯ ಬೆಳೆಗಳು. ಹಿಂದಿನವರು ಧಾನ್ಯವನ್ನು ನೆಲದೊಳಗೆ ತೋಡಿದ ಹಗೇವುಗಳಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಬರಗಾಲಕ್ಕೆಂದು ಕಾಪಾಡುತ್ತಿದ್ದರು. ಗೋದಾಮುಗಳು ಬಂದ ಮೇಲೆ ಹಗೇವುಗಳು ಮರೆತುಹೋದವು; ಅವುಗಳ ಮೇಲೆಯೇ ಮನೆಗಳು ಎದ್ದವು. 2019ರಲ್ಲಿ ಭಾರಿ ಮಳೆ ಸುರಿದಾಗ ಪಟ್ಟಣದ ಹಲವು ಓಣಿಗಳಲ್ಲಿ ನೆಲವು ಇದ್ದಕ್ಕಿದ್ದಂತೆ ಕುಸಿಯತೊಡಗಿತು. ಹಿರಿಯ ಕಾಳುಕಡಿ ವ್ಯಾಪಾರಿಯೊಬ್ಬರ ಮನೆಯ ಪಡಸಾಲೆಯೂ ಒಂದು ರಾತ್ರಿ ಬಾಯ್ದೆರೆಯಿತು. ಪುಣ್ಯವಶಾತ್ ಯಾರಿಗೂ ಪೆಟ್ಟಾಗಲಿಲ್ಲ.

ಮರುದಿನ ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಮಳೆ ಅತಿಯಾಯಿತೆಂದರು ಕೆಲವರು. ಎರೆಮಣ್ಣಿನ ಗುಣವೇ ಹಾಗೆ, ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಬಿರಿಯುತ್ತದೆ ಎಂದರು ಮತ್ತೆ ಕೆಲವರು. ಮಲಪ್ರಭೆಯ ಕಾಲುವೆ ಬಂದ ಮೇಲೆ ಅಂತರ್ಜಲ ಮೇಲೇರಿದೆ ಎಂಬುದು ಇನ್ನು ಕೆಲವರ ಮಾತು. ವ್ಯಾಪಾರಿಗಳು ಎಲ್ಲದಕ್ಕೂ ತಲೆದೂಗಿದರು. ಎಲ್ಲವೂ ಅವರಿಗೆ ಅನುಕೂಲವಾಗಿಯೇ ಇದ್ದವು. ಆಗ ಒಳಗಿನಿಂದ ಅವರ ಮನೆಯವರು ನುಡಿದರು: "ಅಲ್ರೀ, ಹಾಸುಗಲ್ಲು ಹಾಕುವಾಗ ಹಗೇವು ತುಂಬಸ್ರಿ ಅಂತ ಮಾವನವರು ಅಂದಿದ್ರಲ್ಲ. ಹತ್ತು ಚಕ್ಕಡಿ ಮಣ್ಣಿನ ಖರ್ಚು ಯಾಕ ಅಂತ ನೀವ ಬಿಟ್ರಿ."

ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಮೌನ. ಆ ಮಾತಿನಿಂದ ಉಳಿದ ಕಾರಣಗಳಾವುವೂ ಸುಳ್ಳಾಗಲಿಲ್ಲ. ಮಳೆಯೂ ನಿಜ, ಮಣ್ಣಿನ ಗುಣವೂ ನಿಜ, ಮೇಲೇರಿದ ನೀರೂ ನಿಜ. ಆದರೆ ಅವುಗಳ ನಡುವೆ ಬಚ್ಚಿಟ್ಟುಕೊಂಡಿದ್ದ ಒಂದು ಕಾರಣಕ್ಕೆ ಮಾತ್ರ ಒಡೆಯರಿದ್ದರು. ವ್ಯಾಪಾರಿಗಳು ಆ ವಾರವೇ ಗರಸು ತರಿಸಿ ಹಗೇವನ್ನು ತುಂಬಿಸಿದರು. ಕೀರ್ದಿಯಲ್ಲಿ ಆ ಖರ್ಚನ್ನು 'ಮನೆ ದುರಸ್ತಿ' ಎಂದು ಬರೆಯದೆ 'ಹಳೆಯ ಬಾಕಿ' ಎಂದು ಬರೆದರು.

ಅದೇ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಹರಿದು ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಮೊದಲಾದ ಊರುಗಳನ್ನು ನೀರಿನಲ್ಲಿ ಮುಳುಗಿಸಿತು. ನಾಲ್ಕು ವರ್ಷ ಕಳೆದು 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಒಮ್ಮೆ ಅತಿವೃಷ್ಟಿ, ಒಮ್ಮೆ ಅನಾವೃಷ್ಟಿ. ಇದು ಹೊಸದೇನೂ ಅಲ್ಲ ಎನ್ನುವವರ ವಾದವೂ ಬಲವುಳ್ಳದ್ದೇ. ಮೋಟಾರು ಗಾಡಿಗಳಿಲ್ಲದ ಕಾಲದಲ್ಲಿ, 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಬರವು ಈ ಸೀಮೆಯನ್ನು ಸುಡಲಿಲ್ಲವೇ? ಆಗ ಯಾವ ಹೊಗೆ ಕಾರಣವಾಗಿತ್ತು?

ಪ್ರಶ್ನೆ ನ್ಯಾಯವಾದುದು. ಶಾಂತಸಾಗರದ ನೀರು ಅಸಾಧಾರಣವಾಗಿ ಬಿಸಿಯಾಗುವ ಎಲ್ ನಿನೋ ಎಂಬ ಸಹಜ ವಿದ್ಯಮಾನವು 1877ರಲ್ಲಿ ಬಹು ತೀವ್ರವಾಗಿತ್ತು. ಮಳೆ ತಪ್ಪಿದ್ದಕ್ಕೆ ಅದೊಂದು ಮುಖ್ಯ ಕಾರಣ. ಆದರೆ ಆ ವರ್ಷಗಳಲ್ಲಿಯೂ ಭಾರತದ ಗೋದಿ ಹಡಗೇರಿ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆ ಸಾಕೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಗದಿಪಡಿಸಿದ್ದ. ಮಳೆಯನ್ನು ತಡೆದದ್ದು ಪ್ರಕೃತಿ. ಅನ್ನವನ್ನು ತಡೆದದ್ದು ಮನುಷ್ಯ. ಹಿಂದೆ ಸಹಜ ಕಾರಣದಿಂದ ಬರ ಬಂದಿತ್ತೆಂಬುದು, ಇಂದಿನ ತಾಪಕ್ಕೂ ಸಹಜ ಕಾರಣವೇ ಎಂಬುದಕ್ಕೆ ಸಾಕ್ಷಿಯಾಗಲಾರದು. ಹಿಂದೆ ದೀಪ ತಾನಾಗಿ ಉರುಳಿ ಮನೆ ಸುಟ್ಟಿದ್ದುಂಟು; ಅಷ್ಟರಿಂದ ಇಂದು ಕೊಳ್ಳಿಯಿಟ್ಟವನು ನಿರಪರಾಧಿಯಾಗುವುದಿಲ್ಲ.

ಆದ್ದರಿಂದ ಊಹೆ ಬಿಟ್ಟು ಖಾತೆಗಳನ್ನೇ ತೆರೆದು ನೋಡಬೇಕು. ಭೂಮಿಯ ಕಕ್ಷೆ ಮತ್ತು ಅಕ್ಷಗಳು ನಿಧಾನವಾಗಿ ಬದಲಾಗುವುದರಿಂದ ಹಿಮಯುಗಗಳು ಬಂದು ಹೋಗಿರುವುದು ಸತ್ಯ. ಆದರೆ ಆ ಬದಲಾವಣೆಗೆ ಸಾವಿರಾರು ವರ್ಷಗಳು ಬೇಕು. ಇಂದಿನ ಏರಿಕೆ ಒಂದೂವರೆ ಶತಮಾನದ್ದು. ಸೂರ್ಯನೇ ಹೆಚ್ಚು ಉರಿಯುತ್ತಿದ್ದಾನೆಯೇ? 1970ರ ದಶಕದ ಕೊನೆಯಿಂದ ಉಪಗ್ರಹಗಳು ಅವನ ತೇಜಸ್ಸನ್ನು ಅಳೆಯುತ್ತಿವೆ. ಸುಮಾರು ಹನ್ನೊಂದು ವರ್ಷಗಳ ಏರಿಳಿತದ ಹೊರತು ಏರುಮುಖ ಕಂಡುಬಂದಿಲ್ಲ. ಸೂರ್ಯನೇ ಕಾರಣವಾಗಿದ್ದರೆ ವಾಯುಮಂಡಲದ ಮೇಲ್ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ, ಕೆಳಗಿನ ಪದರ ಬಿಸಿಯಾಗುತ್ತಿದೆ. ಮೇಲೆ ಹೊದಿಕೆ ದಪ್ಪವಾದಾಗ ಆಗುವುದೇ ಹೀಗೆ. ಜ್ವಾಲಾಮುಖಿಗಳೋ? 1991ರಲ್ಲಿ ಫಿಲಿಪೈನ್ಸಿನ ಪಿನಾಟುಬೊ ಸಿಡಿದಾಗ ಅದರ ಗಂಧಕದ ಮಬ್ಬಿನಿಂದ ಭೂಮಿ ಒಂದೆರಡು ವರ್ಷ ತುಸು ತಂಪಾಯಿತೇ ಹೊರತು ಬಿಸಿಯಾಗಲಿಲ್ಲ. ಜ್ವಾಲಾಮುಖಿಗಳೆಲ್ಲ ವರ್ಷವೊಂದರಲ್ಲಿ ಉಗುಳುವ ಇಂಗಾಲಾಮ್ಲವು ಮನುಷ್ಯನು ಹೊರಬಿಡುವುದರ ನೂರನೆಯ ಒಂದು ಪಾಲಿಗೂ ಕಡಿಮೆ.

ಇನ್ನು ಮನುಷ್ಯನ ಖಾತೆ. ಕೈಗಾರಿಕಾ ಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲಾಮ್ಲ ಸುಮಾರು 280 ಭಾಗ ಇತ್ತು. ಇಂದು ಅದು 420ನ್ನು ದಾಟಿದೆ. ಹೆಚ್ಚಿದ ಈ ಸರಕು ಎಲ್ಲಿಂದ ಬಂದಿತೆಂಬುದಕ್ಕೆ ಅದರ ಮೇಲೆಯೇ ಗುರುತಿದೆ. ಕೋಟ್ಯಂತರ ವರ್ಷ ಭೂಗತವಾಗಿದ್ದ ಕಲ್ಲಿದ್ದಲು ಮತ್ತು ತೈಲದ ಇಂಗಾಲದಲ್ಲಿ ವಿಕಿರಣಶೀಲ ಅಂಶ ಉಳಿದಿರುವುದಿಲ್ಲ. ಅಂಥ ಹಳೆಯ ಇಂಗಾಲವೇ ಗಾಳಿಗೆ ಸೇರಿದೆಯೆಂದು ಪರೀಕ್ಷೆಗಳು ತೋರಿಸಿವೆ. ಈ ಅನಿಲ ಶಾಖವನ್ನು ಹಿಡಿದಿಡುತ್ತದೆಂಬುದು ನಿನ್ನೆ ಮೊನ್ನೆಯ ಕಲ್ಪನೆಯೂ ಅಲ್ಲ. ಟಿಂಡಲ್ 1859ರಲ್ಲಿಯೇ ಅದನ್ನು ಅಳೆದಿದ್ದ, ಅರ್ಹೇನಿಯಸ್ 1896ರಲ್ಲಿ ಅದರ ಪರಿಣಾಮವನ್ನು ಲೆಕ್ಕ ಹಾಕಿದ್ದ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿಯಂತೆ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ 2010ರಿಂದ 2019ರ ದಶಕದಲ್ಲಿ ಮನುಷ್ಯನಿಂದಾದ ಏರಿಕೆ ಸುಮಾರು 1.07 ಡಿಗ್ರಿ ಸೆಲ್ಸಿಯಸ್. ಸೂರ್ಯ ಮತ್ತು ಜ್ವಾಲಾಮುಖಿಗಳ ಪಾಲು ಹೆಚ್ಚೆಂದರೆ 0.1ರಷ್ಟು ಆಚೀಚೆ. ತಾಳೆಪಟ್ಟಿ ಇಷ್ಟು ಸ್ಪಷ್ಟವಾಗಿರುವಾಗ ಲೆಕ್ಕ ಬಲ್ಲವನು ಅನುಮಾನ ನಟಿಸಲಾಗದು.

ಇಲ್ಲಿ ಕೆಲವು ಧರ್ಮಬಂಧುಗಳು ಅನೇಕಾಂತವನ್ನು ಮುಂದೊಡ್ಡುವುದುಂಟು. ಒಂದು ದೃಷ್ಟಿಯಿಂದ ಪ್ರಕೃತಿ ಕಾರಣ, ಮತ್ತೊಂದು ದೃಷ್ಟಿಯಿಂದ ಮನುಷ್ಯ ಕಾರಣ, ಆದ್ದರಿಂದ ತೀರ್ಪು ಬೇಡ ಎನ್ನುತ್ತಾರೆ. ಇದು ಅನೇಕಾಂತವಲ್ಲ, ಆಲಸ್ಯ. ಸಿದ್ಧಸೇನ ದಿವಾಕರರು ಸನ್ಮತಿ ಸೂತ್ರದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕರ್ಮ, ಪುರುಷಾರ್ಥ ಎಂಬ ಐದನ್ನೂ ಹೇಳಿ, ಒಂದನ್ನೇ ಹಿಡಿಯುವುದು ಮಿಥ್ಯಾತ್ವ, ಎಲ್ಲವನ್ನೂ ಕೂಡಿಸಿ ಕಾಣುವುದು ಸಮ್ಯಕ್ತ್ವ ಎಂದಿದ್ದಾರೆ. ಕೂಡಿಸಿ ಕಾಣುವುದೆಂದರೆ ಎಲ್ಲಕ್ಕೂ ಸಮಪಾಲು ಹಂಚುವುದಲ್ಲ. ಒಂದು ಊರನ್ನು ಮುಳುಗಿಸಿದ ಒಂದು ಪ್ರವಾಹದಲ್ಲಿ ಸಹಜ ಮಳೆಯ ಏರಿಳಿತವೂ ಇರುತ್ತದೆ, ಒತ್ತುವರಿಯಿಂದ ಕಿರಿದಾದ ನದಿಪಾತ್ರವೂ ಇರುತ್ತದೆ, ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲ ಗಾಳಿಯೂ ಇರುತ್ತದೆ. ಇವುಗಳಲ್ಲಿ ಪುರುಷಾರ್ಥಕ್ಕೆ ಸೇರಿದ ಪಾಲನ್ನು ಸ್ವಭಾವದ ಖಾತೆಗೆ ದಾಟಿಸುವುದು ಸುಳ್ಳು ಲೆಕ್ಕ. ಸತ್ಯಾಣುವ್ರತಿಗೆ ಅದು ಸಲ್ಲದು.

ನರಗುಂದದ ರೈತ ಸುಟ್ಟ ಇಂಧನವೆಷ್ಟು ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಭಾರತದ ತಲಾ ಹೊಗೆ ಜಗತ್ತಿನ ಸರಾಸರಿಯ ಅರ್ಧಕ್ಕಿಂತಲೂ ಕಡಿಮೆ. ದೊಡ್ಡ ಬಾಕಿ ಸಿರಿವಂತ ರಾಷ್ಟ್ರಗಳದ್ದು. ಆದರೆ ದೇಶದೊಳಗೂ ಎಲ್ಲರ ಪಾಲು ಒಂದೇ ಅಲ್ಲ. ಮಳೆಯನ್ನೇ ನಂಬಿದ ಒಕ್ಕಲಿಗನಿಗಿಂತ, ಎರಡು ಕಾರು, ಮೂರು ತಂಪುಯಂತ್ರ ಇಟ್ಟುಕೊಂಡ ವರ್ತಕನ ಖಾತೆ ಹಿರಿದು. ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವ ಅಣುವ್ರತ ಹುಟ್ಟಿದ್ದು ಇಂಥವನಿಗಾಗಿಯೇ.

ಆ ವ್ಯಾಪಾರಿಗಳು ಮಳೆಯನ್ನು ನಿಲ್ಲಿಸಲಿಲ್ಲ, ಎರೆಮಣ್ಣಿನ ಗುಣವನ್ನು ಬದಲಿಸಲಿಲ್ಲ. ತಮ್ಮ ಹಗೇವನ್ನು ತುಂಬಿದರು. ಬಾನಿಗೆ ಏರಿಸಿದ ಹೊಗೆಯೂ ಒಂದು ಹಳೆಯ ಬಾಕಿಯೇ. ಅದನ್ನು ಪ್ರಕೃತಿಯ ಹೆಸರಿಗೆ ಬರೆದವನ ಮನೆಯ ಮಕ್ಕಳು ಟೊಳ್ಳು ನೆಲದ ಮೇಲೆಯೇ ಮಲಗಬೇಕಾಗುತ್ತದೆ.